ಡಿಎಸ್‌ಸಿ ತೋರಿಸುವ ಶಾಖದ ಲೆಕ್ಕ ಸರಿಯಿದೆಯಾ? ಇಂಡಿಯಂ ಚೂರಿನಿಂದ ಶುರುಮಾಡಿ

ಪಾಲಿಎಥಿಲೀನ್ ಸ್ಯಾಂಪಲ್ ಒಂದನ್ನು ಡಿಎಸ್‌ಸಿಯಲ್ಲಿ, ಅಂದರೆ ಕಾಯಿಸುತ್ತಾ ಹೋದಂತೆ ಸ್ಯಾಂಪಲ್ ಎಷ್ಟು ಶಾಖ ಹೀರುತ್ತದೆ ಎಂದು ತೋರಿಸುವ ಡಿಫರೆನ್ಷಿಯಲ್ ಸ್ಕ್ಯಾನಿಂಗ್ ಕ್ಯಾಲೋರಿಮೀಟರ್ ಯಂತ್ರದಲ್ಲಿ, ಹಾಕಿ ಓಡಿಸಿದಿರಿ ಅಂದುಕೊಳ್ಳಿ. ಕರಗುವ ಪೀಕ್ ಚೆನ್ನಾಗಿ ಬಂತು. ಸಾಫ್ಟ್‌ವೇರ್ ಗ್ರಾಂಗೆ 190 ಜೂಲ್ ಎಂದು ತೋರಿಸಿತು. ಪೂರ್ತಿ ಸ್ಫಟಿಕವಾದ ಪಾಲಿಎಥಿಲೀನಿಗೆ ಸಾಮಾನ್ಯವಾಗಿ 293 ಜೂಲ್ ಎಂದು ಹಿಡಿಯುತ್ತಾರೆ. ಭಾಗಿಸಿದರೆ ಸುಮಾರು ಶೇ. 65ರಷ್ಟು ಸ್ಫಟಿಕತೆ. ರಿಪೋರ್ಟ್ ಬರೆದು ಕಳಿಸಿದ್ದೂ ಆಯಿತು.

ಆದರೆ ಆ 190 ಎಲ್ಲಿಂದ ಬಂತು? ಯಂತ್ರ ಶಾಖವನ್ನು ನೇರವಾಗಿ ಅಳೆಯಲೇ ಇಲ್ಲ. ಹಿಂದೆ ಯಾರೋ ಒಬ್ಬರು ಕ್ಯಾಲಿಬ್ರೇಷನ್ ಮಾಡಿ, ಅಂದರೆ ಕರಗಲು ಬೇಕಾದ ಶಾಖ ಮೊದಲೇ ಗೊತ್ತಿರುವ ಲೋಹವೊಂದನ್ನು ಕರಗಿಸಿ, ಯಂತ್ರ ತೋರಿಸಿದ್ದನ್ನು ಅದಕ್ಕೆ ಹೋಲಿಸಿ, ಒಂದು ಗುಣಕ ಕೊಟ್ಟಿದ್ದರು. ಅದನ್ನು ಇಟ್ಟುಕೊಂಡು ಲೆಕ್ಕ ಹಾಕಿತು, ಅಷ್ಟೇ. ಆ ಗುಣಕ ತಪ್ಪಿದ್ದರೆ ನಿಮ್ಮ ಪೀಕ್ ಎಷ್ಟೇ ಚೆಂದ ಇದ್ದರೂ ಸಂಖ್ಯೆ ತಪ್ಪು. ಆ ಗುಣಕವನ್ನು ನಂಬಬಹುದಾದ ಹಾಗೆ ಪಡೆಯುವುದು ಹೇಗೆ ಅನ್ನೋದನ್ನು ಇಲ್ಲಿ ಒಂದೊಂದೇ ಹೆಜ್ಜೆಯಾಗಿ ಹೇಳುತ್ತೇನೆ. ಲ್ಯಾಬಿಗೆ ಹೊಸದಾಗಿ ಸೇರಿದವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ.

ಒಳಗೆ ಏನು ನಡೆಯುತ್ತದೆ

ಕುಲುಮೆಯೊಳಗೆ ಅಕ್ಕಪಕ್ಕ ಎರಡು ಪುಟ್ಟ ಪ್ಯಾನ್‌ಗಳು ಕೂತಿರುತ್ತವೆ. ಒಂದರಲ್ಲಿ ಸ್ಯಾಂಪಲ್, ಇನ್ನೊಂದು ಖಾಲಿ. ಖಾಲಿ ಇರುವುದೇ ರೆಫರೆನ್ಸ್. ಎರಡನ್ನೂ ಒಂದೇ ವೇಗದಲ್ಲಿ ಕಾಯಿಸುತ್ತೇವೆ. ಸ್ಯಾಂಪಲ್ ಕರಗಲು ಶುರುವಾದಾಗ ಅದು ಶಾಖ ಹೀರಿಕೊಳ್ಳುತ್ತದೆ, ಹಾಗಾಗಿ ಪಕ್ಕದ ಖಾಲಿ ಪ್ಯಾನಿಗಿಂತ ಸ್ವಲ್ಪ ಹಿಂದೆ ಬೀಳುತ್ತದೆ. ಪ್ಯಾನ್‌ಗಳ ಕೆಳಗಿರುವ ಥರ್ಮೋಕಪಲ್‌ಗಳು ಈ ತಾಪಮಾನದ ವ್ಯತ್ಯಾಸವನ್ನು ಮೈಕ್ರೋವೋಲ್ಟ್‌ಗಳಲ್ಲಿ ಹೇಳುತ್ತವೆ. ಆ ಮೈಕ್ರೋವೋಲ್ಟನ್ನು ಮಿಲಿವ್ಯಾಟ್ ಮಾಡುವ ಕೆಲಸ ಕ್ಯಾಲಿಬ್ರೇಷನ್ನಿನದು. ಶಾಖ ಕುಲುಮೆಯಿಂದ ಪ್ಯಾನಿಗೆ ಹರಿಯುವ ದಾರಿಯಲ್ಲಿ ಎಷ್ಟು ತಡೆ ಇದೆ ಅನ್ನೋದರ ಮೇಲೆ ಆ ಗುಣಕ ನಿಂತಿದೆ. ಪ್ಯಾನ್ ಬದಲಾದರೆ, ಗ್ಯಾಸ್ ಬದಲಾದರೆ, ಸೆನ್ಸರ್ ಮೇಲೆ ಕೊಳೆ ಕೂತರೆ ಈ ತಡೆಯೂ ಬದಲಾಗುತ್ತದೆ. ಮುಂದೆ ಹೇಳುವ ಎಲ್ಲ ಎಚ್ಚರಿಕೆಗಳ ಮೂಲ ಇದೇ.

ಇದು ಹೀಟ್ ಫ್ಲಕ್ಸ್ ಮಾದರಿಯ ಯಂತ್ರದ ಕಥೆ. ಪವರ್ ಕಾಂಪನ್ಸೇಷನ್ ಎಂಬ ಇನ್ನೊಂದು ಮಾದರಿ ಇದೆ. 1960ರ ದಶಕದ ಆರಂಭದಲ್ಲಿ ಅಮೆರಿಕದ ಪರ್ಕಿನ್-ಎಲ್ಮರ್‌ನಲ್ಲಿ ವಾಟ್ಸನ್ ಮತ್ತು ಓನೀಲ್ ಮಾಡಿದ್ದು ಅದೇ. ಅದರಲ್ಲಿ ಎರಡು ಪ್ಯಾನ್‌ಗಳಿಗೂ ಬೇರೆ ಬೇರೆ ಹೀಟರ್. ಎರಡನ್ನೂ ಒಂದೇ ತಾಪಮಾನದಲ್ಲಿಡಲು ಎಷ್ಟು ಹೆಚ್ಚು ವಿದ್ಯುತ್ ಬೇಕಾಯಿತು ಅನ್ನೋದನ್ನು ಅಳೆಯುತ್ತಾರೆ. ಅಲ್ಲೂ ಕ್ಯಾಲಿಬ್ರೇಷನ್ ಮಾಡಲೇಬೇಕು. ಹೆಜ್ಜೆಗಳೂ ಹೆಚ್ಚುಕಡಿಮೆ ಇವೇ.

ಮೊದಲು ಯಂತ್ರವನ್ನು ಸಿದ್ಧ ಮಾಡಿ

ಸ್ವಿಚ್ ಹಾಕಿದ ತಕ್ಷಣ ಕ್ಯಾಲಿಬ್ರೇಷನ್‌ಗೆ ಕೂರಬೇಡಿ. ಗ್ಯಾಸ್ ಬಿಟ್ಟು, ಕೂಲರ್ ಇದ್ದರೆ ಅದನ್ನೂ ಹಾಕಿ, ಕನಿಷ್ಠ ಒಂದು ಗಂಟೆ ಸುಮ್ನೆ ಬಿಡಿ. ನೈಟ್ರೋಜನ್ ಆದರೆ ನಿಮಿಷಕ್ಕೆ 50 ಮಿಲಿಲೀಟರ್ ಸಾಮಾನ್ಯ. ಇಲ್ಲಿ ಮುಖ್ಯವಾದ ಮಾತು ಒಂದಿದೆ. ನಾಳೆ ಸ್ಯಾಂಪಲ್‌ಗಳನ್ನು ಯಾವ ಗ್ಯಾಸಿನಲ್ಲಿ, ಯಾವ ಹರಿವಿನಲ್ಲಿ, ಯಾವ ಪ್ಯಾನಿನಲ್ಲಿ, ಯಾವ ವೇಗದಲ್ಲಿ ಓಡಿಸುತ್ತೀರೋ ಕ್ಯಾಲಿಬ್ರೇಷನ್ನೂ ಅದರಲ್ಲೇ ಆಗಬೇಕು. ಹೀಲಿಯಂ ನೈಟ್ರೋಜನ್‌ಗಿಂತ ಐದಾರು ಪಟ್ಟು ಚೆನ್ನಾಗಿ ಶಾಖ ಸಾಗಿಸುತ್ತದೆ. ನೈಟ್ರೋಜನ್‌ನಲ್ಲಿ ಪಡೆದ ಗುಣಕವನ್ನು ಹೀಲಿಯಂ ಓಟಕ್ಕೆ ಹಾಕಿದರೆ ಉತ್ತರಕ್ಕೆ ಅರ್ಥವೇ ಇರುವುದಿಲ್ಲ.

ಆಮೇಲೆ ಖಾಲಿ ಓಟ. ಎರಡೂ ಕಡೆ ಖಾಲಿ ಪ್ಯಾನ್ ಇಟ್ಟು, ನೀವು ಕೆಲಸ ಮಾಡುವ ತಾಪಮಾನದ ಉದ್ದಕ್ಕೂ ಒಂದು ಬೇಸ್‌ಲೈನ್ (ಪೀಕ್ ಇಲ್ಲದಾಗ ಸಿಗ್ನಲ್ ಎಳೆಯುವ ಗೆರೆ) ತೆಗೆಯಿರಿ. ಸ್ವಲ್ಪ ವಾಲಿದ್ದರೆ ಪರವಾಗಿಲ್ಲ. ಉಬ್ಬು, ತಗ್ಗು ಕಂಡರೆ ಸೆಲ್ಲಿನಲ್ಲಿ, ಅಂದರೆ ಪ್ಯಾನ್‌ಗಳು ಕೂರುವ ಗೂಡಿನಲ್ಲಿ, ಕೊಳೆ ಇದೆ ಎಂದರ್ಥ. ಅದನ್ನು ತಯಾರಕರು ಹೇಳಿದ ರೀತಿಯಲ್ಲೇ ಶುಚಿ ಮಾಡಿ. ಸೂಜಿ, ಬ್ಲೇಡು ತಗೊಂಡು ಸೆನ್ಸರ್ ಕೆರೆಯಬೇಡಿ. ಮಳೆಗಾಲದಲ್ಲಿ ಇನ್ನೊಂದು ತೊಂದರೆ. ಸೆಲ್ ತಣ್ಣಗಿರುವಾಗಲೇ ಮುಚ್ಚಳ ತೆಗೆದರೆ ಗಾಳಿಯ ತೇವ ಒಳಗೆ ಕೂರುತ್ತದೆ, ಮುಂದಿನ ಓಟದಲ್ಲಿ ಸೊನ್ನೆ ಡಿಗ್ರಿ ಹತ್ತಿರ ಸಣ್ಣ ಪೀಕ್ ಆಗಿ ಕಾಣುತ್ತದೆ. ಸೆಲ್ ಕೋಣೆಯ ತಾಪಮಾನಕ್ಕೆ ಬಂದ ಮೇಲೆಯೇ ತೆಗೆಯಿರಿ.

ಇಂಡಿಯಂ ಮತ್ತು ಅದರ ನೆಂಟರು

ಶಾಖದ ಕ್ಯಾಲಿಬ್ರೇಷನ್ನಿಗೆ ಮೊದಲ ಆಯ್ಕೆ ಇಂಡಿಯಂ ಎಂಬ ಮೆತ್ತನೆಯ ಲೋಹ. 156.5985 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು ಘನವಾಗುವ ಬಿಂದು 1990ರ ಅಂತರರಾಷ್ಟ್ರೀಯ ತಾಪಮಾನ ಮಾಪಕದ ನಿಗದಿತ ಬಿಂದುಗಳಲ್ಲೇ ಒಂದು. ಕರಗಲು ಗ್ರಾಂಗೆ ಸುಮಾರು 28.6 ಜೂಲ್ ಬೇಕು. ಪುಸ್ತಕದಿಂದ ಪುಸ್ತಕಕ್ಕೆ ಇದು 28.4ರಿಂದ 28.7ರವರೆಗೆ ಓಡಾಡುತ್ತದೆ. ಹಾಗಾಗಿ ಇಂಟರ್‌ನೆಟ್‌ನಲ್ಲಿ ಸಿಕ್ಕ ಸಂಖ್ಯೆ ಹಾಕಬೇಡಿ. ನಿಮ್ಮ ಇಂಡಿಯಂ ಡಬ್ಬಿಯ ಜೊತೆ ಬಂದ ಸರ್ಟಿಫಿಕೇಟಿನಲ್ಲಿ ಇರುವುದನ್ನೇ ಹಾಕಿ, ಅದನ್ನೇ ರಿಪೋರ್ಟಿನಲ್ಲೂ ಬರೆಯಿರಿ. ಎರಡು ಲ್ಯಾಬ್‌ಗಳ ನಡುವೆ ಅರ್ಧ ಪರ್ಸೆಂಟ್ ವ್ಯತ್ಯಾಸ ಬಂದರೆ ಎಷ್ಟೋ ಸಲ ಅದು ಇಲ್ಲಿಂದಲೇ ಬಂದಿರುತ್ತದೆ.

ಇಂಡಿಯಮ್ಮಿನ ಇನ್ನೊಂದು ಒಳ್ಳೆಯ ಗುಣ, ಅದೇ ಚೂರನ್ನು ಮತ್ತೆ ಮತ್ತೆ ಕರಗಿಸಿ ಗಟ್ಟಿ ಮಾಡಬಹುದು. ಅಲ್ಯೂಮಿನಿಯಂ ಪ್ಯಾನಿನ ಜೊತೆ ಜಗಳ ಇಲ್ಲ.

ಮೇಲಿನ ತಾಪಮಾನಕ್ಕೆ ತವರ ಇದೆ, 231.928 ಡಿಗ್ರಿ, ಗ್ರಾಂಗೆ ಸುಮಾರು 60.4 ಜೂಲ್. ಇನ್ನೂ ಮೇಲೆ ಸತು, 419.527 ಡಿಗ್ರಿ. ಸತುವಿನ ಜೊತೆ ಹುಷಾರು. ಅಲ್ಯೂಮಿನಿಯಂ ಮತ್ತು ಸತು ಸೇರಿದರೆ 381 ಡಿಗ್ರಿಗೇ ದ್ರವವಾಗುವ ಮಿಶ್ರಲೋಹ ಹುಟ್ಟುತ್ತದೆ. ಪ್ಯಾನಿನ ಒಳಮೈಯ ಆಕ್ಸೈಡ್ ಪದರ ಸ್ವಲ್ಪ ಹೊತ್ತು ಕಾಪಾಡುತ್ತದೆ, ಯಾವಾಗಲೂ ಅಲ್ಲ. ಒಂದೇ ಪ್ಯಾನಿನಲ್ಲಿ ಸತುವನ್ನು ನಾಲ್ಕೈದು ಸಲ ಓಡಿಸಿದರೆ ತೂತು ಬಿದ್ದು ಸೆನ್ಸರ್ ಮೇಲೆ ಸೋರಬಹುದು. ಸೆನ್ಸರ್ ಹೋದರೆ ಲಕ್ಷಗಳ ಮಾತು. ಸಾಧ್ಯವಾದರೆ ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡ್) ಪ್ಯಾನ್ ಬಳಸಿ. ಇಲ್ಲದಿದ್ದರೆ ಹೊಸ ಪ್ಯಾನ್, ಹೊಸ ಚೂರು, ಒಂದೇ ಓಟ, ಕರಗಿದ ತಕ್ಷಣ ಇಳಿಸಿಬಿಡಿ. ಗ್ಯಾಲಿಯಂ ಕೂಡ ಅಲ್ಯೂಮಿನಿಯಂ ತಿನ್ನುತ್ತದೆ. ಪ್ಲಾಟಿನಂ ಪ್ಯಾನಿನಲ್ಲಂತೂ ಇವ್ಯಾವ ಲೋಹವನ್ನೂ ಬರೀ ಹಾಕಲೇಬೇಡಿ.

ತೂಕ: ಅರ್ಧ ಕೆಲಸ ಇಲ್ಲೇ ಇದೆ

ಶಾಖದ ಕ್ಯಾಲಿಬ್ರೇಷನ್ ಹಾಳಾಗುವುದು ಹೆಚ್ಚಾಗಿ ಡಿಎಸ್‌ಸಿಯಲ್ಲಿ ಅಲ್ಲ, ತಕ್ಕಡಿಯ ಮೇಜಿನ ಮೇಲೆ. ಇದನ್ನು ಹೊಸಬರಿಗೆ ಎಷ್ಟು ಸಲ ಹೇಳಿದರೂ ಕಡಿಮೆಯೇ.

5ರಿಂದ 10 ಮಿಲಿಗ್ರಾಂ ಇಂಡಿಯಂ ಸಾಕು. ಕೈಯಲ್ಲಿ ಮುಟ್ಟಬೇಡಿ, ಚಿಮಟ ಬಳಸಿ. ಇಂಡಿಯಂ ಎಷ್ಟು ಮೆತ್ತಗೆ ಅಂದರೆ ಉಗುರು ಒತ್ತಿದರೆ ಗುರುತು ಬೀಳುತ್ತದೆ. ಶುಚಿಯಾದ ಬ್ಲೇಡಿನಿಂದ ಕತ್ತರಿಸಿದಾಗ ಒಳಮೈ ಬೆಳ್ಳಿಯ ಹಾಗೆ ಹೊಳೆಯಬೇಕು. ಹಳೇ ತಂತಿಯ ಮೇಲ್ಮೈ ಮಂಕಾಗಿದ್ದರೆ ಅದನ್ನು ಕೆತ್ತಿ ಬಿಸಾಡಿ. ಚೂರನ್ನು ಎರಡು ಶುಚಿಯಾದ ಗಾಜಿನ ನಡುವೆ ಇಟ್ಟು ಒತ್ತಿ, ತೆಳ್ಳನೆ ಬಿಲ್ಲೆ ಮಾಡಿ. ಪ್ಯಾನಿನ ತಳಕ್ಕೆ ಪೂರ್ತಿ ತಾಗಿಕೊಂಡು ಕೂರಬೇಕು.

ಈಗ ತೂಗುವ ಕ್ರಮ. ಖಾಲಿ ಪ್ಯಾನ್ ಮತ್ತು ಮುಚ್ಚಳ ಒಟ್ಟಿಗೆ ತೂಗಿ ಬರೆದುಕೊಳ್ಳಿ. ಬಿಲ್ಲೆ ಹಾಕಿ ಮತ್ತೆ ತೂಗಿ. ಪ್ರೆಸ್‌ನಲ್ಲಿ ಮುಚ್ಚಿದ ಮೇಲೆ ಮೂರನೇ ಸಲ ತೂಗಿ. ಎರಡನೇ ಮತ್ತು ಮೂರನೇ ತೂಕ ಒಂದೇ ಇರಬೇಕು. ತಕ್ಕಡಿ 0.01 ಮಿಲಿಗ್ರಾಂವರೆಗಾದರೂ ಓದಬೇಕು, 0.001 ಇದ್ದರೆ ಬಹಳ ಒಳ್ಳೆಯದು. ಆರೂವರೆ ಮಿಲಿಗ್ರಾಂ ಚೂರಿನಲ್ಲಿ 0.05 ತಪ್ಪಿದರೆ ಶೇ. 0.8ರಷ್ಟು ತಪ್ಪು ಆಗಲೇ ಒಳಗೆ ಸೇರಿಹೋಯಿತು. ಎಸಿಯ ಗಾಳಿ ತಕ್ಕಡಿಯ ಕಡೆ ಬೀಸುತ್ತಿದ್ದರೆ ಸ್ವಲ್ಪ ಹೊತ್ತು ಆಫ್ ಮಾಡಿ. ಸಂಖ್ಯೆ ನಿಲ್ಲುವವರೆಗೂ ಕಾಯಿರಿ.

ಮುಚ್ಚಿದ ಪ್ಯಾನನ್ನು ಒಂದು ಗಾಜಿನ ತಟ್ಟೆಯ ಮೇಲಿಟ್ಟು ಚಿಮಟದಿಂದ ಅಂಚನ್ನು ಮೆಲ್ಲಗೆ ಒತ್ತಿ ನೋಡಿ. ಅಲ್ಲಾಡಿದರೆ ತಳ ಉಬ್ಬಿದೆ. ಅದನ್ನು ಬಳಸಬೇಡಿ.

ನನ್ನದೊಂದು ತಪ್ಪು ಹೇಳುತ್ತೇನೆ. ಒಂದು ಸಲ 6.42 ಮಿಲಿಗ್ರಾಂ ಇದ್ದ ತೂಕವನ್ನು ಸಾಫ್ಟ್‌ವೇರಿನಲ್ಲಿ 6.24 ಎಂದು ಟೈಪ್ ಮಾಡಿದ್ದೆ. ಗುಣಕ 0.998 ಬಂತು. ಹೆಚ್ಚುಕಡಿಮೆ ಒಂದು! ಯಂತ್ರ ಬಹಳ ಚೆನ್ನಾಗಿದೆ ಅಂದುಕೊಂಡು ಖುಷಿಯಾಗಿ ಸೇವ್ ಮಾಡಿದೆ. ನಿಜವಾದ ಗುಣಕ 1.026. ಎರಡು ವಾರ ಎಲ್ಲ ಫಲಿತಾಂಶವೂ ಶೇ. 2.8ರಷ್ಟು ಕಡಿಮೆ ಬಂದವು. ಮೇಲೆ ಹೇಳಿದ ಪಾಲಿಎಥಿಲೀನ್ 190ರ ಬದಲು 184.7 ತೋರಿಸುತ್ತದೆ, ಸ್ಫಟಿಕತೆ 65ರಿಂದ 63ಕ್ಕೆ ಇಳಿಯುತ್ತದೆ. ನೋಡಿದರೆ ಎರಡೂ ಸರಿಯೆನಿಸುವ ಸಂಖ್ಯೆಗಳೇ, ಅದಕ್ಕೇ ಯಾರಿಗೂ ಅನುಮಾನ ಬರಲಿಲ್ಲ. ಅವತ್ತಿನಿಂದ ತೂಕವನ್ನು ಒಬ್ಬರು ಓದುವುದು, ಇನ್ನೊಬ್ಬರು ಟೈಪ್ ಮಾಡುವುದು. ಹಾಗೆಯೇ ಗುಣಕ ಒಂದಕ್ಕೆ ಹತ್ತಿರ ಇದೆಯಾ ಎಂದು ನಾನು ನೋಡುವುದಿಲ್ಲ. ಹಿಂದಿನ ಗುಣಕಗಳಿಗೆ ಹತ್ತಿರ ಇದೆಯಾ ಎಂದು ನೋಡುತ್ತೇನೆ.

ಓಟ

ಮೊದಲ ಸಲ ಕರಗಿಸುವುದು ಬರೀ ಸಿದ್ಧತೆ. 180 ಡಿಗ್ರಿವರೆಗೆ ಕಾಯಿಸಿ, ಒಂದೆರಡು ನಿಮಿಷ ನಿಲ್ಲಿಸಿ, 110ಕ್ಕೆ ಇಳಿಸಿ. ಕರಗಿದ ಇಂಡಿಯಂ ಪ್ಯಾನಿನ ತಳಕ್ಕೆ ಚೆನ್ನಾಗಿ ಅಂಟಿಕೊಳ್ಳುತ್ತದೆ. ಈ ಓಟದ ಪೀಕ್ ಎಷ್ಟೇ ಚೆನ್ನಾಗಿದ್ದರೂ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

110ರಲ್ಲಿ ಐದು ನಿಮಿಷ ನಿಲ್ಲಿಸಿ, ಸಿಗ್ನಲ್ ನೆಟ್ಟಗಾದ ಮೇಲೆ ನಿಮಿಷಕ್ಕೆ 10 ಡಿಗ್ರಿಯಂತೆ 180ಕ್ಕೆ ಹೋಗಿ. ಕ್ಯಾಲಿಬ್ರೇಷನ್ ಕಾಯಿಸುವಾಗಲೇ ಮಾಡುತ್ತೇವೆ, ತಣಿಸುವಾಗ ಅಲ್ಲ. ಲೋಹಗಳು ಗಟ್ಟಿಯಾಗುವ ಬಿಂದು ದಾಟಿದ ಮೇಲೂ ದ್ರವವಾಗಿಯೇ ಇಳಿಯಬಲ್ಲವು. ತವರ ಇದರಲ್ಲಿ ಬಹಳ ಜೋರು, ಹತ್ತಾರು ಡಿಗ್ರಿ ಕೆಳಗೆ ಹೋಗುತ್ತದೆ. ಹಾಗಾಗಿ ತಣಿಯುವ ಪೀಕ್ ಎಲ್ಲಿ ಬರುತ್ತದೆ ಎಂದು ನೆಚ್ಚುವ ಹಾಗಿಲ್ಲ.

ಮೂರು ಸಲ ಓಡಿಸಿ. ಪ್ರತಿ ಸಲವೂ ಪ್ಯಾನನ್ನು ಹೊರಗೆ ತೆಗೆದು ಮತ್ತೆ ಇಡಿ. ಸುಮ್ನೆ ಒಳಗೇ ಬಿಟ್ಟು ಮೂರು ಸಲ ಓಡಿಸಿದರೆ ಸಂಖ್ಯೆಗಳು ಬಹಳ ಹತ್ತಿರ ಬರುತ್ತವೆ, ನಿಜ. ಆದರೆ ದಿನದ ಕೆಲಸದಲ್ಲಿ ನೀವು ಪ್ಯಾನ್ ತೆಗೆದು ಇಡುತ್ತಲೇ ಇರುತ್ತೀರಿ ಅಲ್ವಾ? ಇಡುವ ಜಾಗ ಕೂದಲೆಳೆ ಸರಿದರೂ ಆಗುವ ವ್ಯತ್ಯಾಸ ಕಾಣಬೇಕಾದರೆ ಹೀಗೇ ಮಾಡಬೇಕು.

ತಾಪಮಾನವನ್ನು ಮೊದಲು ಸರಿಮಾಡಿ

ಶಾಖಕ್ಕಿಂತ ಮುಂಚೆ ತಾಪಮಾನ. ಇಂಡಿಯಂ ಪೀಕಿನ ತುದಿಯನ್ನು ನೋಡಬೇಡಿ. ಆನ್‌ಸೆಟ್ ನೋಡಿ, ಅಂದರೆ ಪೀಕ್ ಏರುವ ಬದಿಗೆ ಎಳೆದ ಗೆರೆ ಬೇಸ್‌ಲೈನನ್ನು ಮುಟ್ಟುವ ಜಾಗ. ತುದಿ ತೂಕ ಹೆಚ್ಚಾದರೆ ಸರಿಯುತ್ತದೆ, ವೇಗ ಹೆಚ್ಚಾದರೂ ಸರಿಯುತ್ತದೆ. ಆನ್‌ಸೆಟ್ ಅಷ್ಟು ಸರಿಯುವುದಿಲ್ಲ. ಆನ್‌ಸೆಟ್ 157.1 ಬಂದರೆ ನಿಮ್ಮ ಯಂತ್ರ ಅಲ್ಲಿ ಅರ್ಧ ಡಿಗ್ರಿ ಜಾಸ್ತಿ ತೋರಿಸುತ್ತಿದೆ. ಒಂದೇ ಲೋಹ ಸಾಲದು. ಇಂಡಿಯಂ ಮತ್ತು ತವರ ಎರಡಾದರೂ ಬೇಕು. ಸೊನ್ನೆಯ ಕೆಳಗೆ ಕೆಲಸ ಮಾಡುವವರಿಗೆ ಸೈಕ್ಲೋಹೆಕ್ಸೇನ್ ಒಳ್ಳೆಯದು, ಮೈನಸ್ 87 ಡಿಗ್ರಿ ಹತ್ತಿರ ಅದರ ಘನರೂಪವೇ ಬದಲಾಗುತ್ತದೆ, 6.5 ಡಿಗ್ರಿ ಹತ್ತಿರ ಕರಗುತ್ತದೆ. ಪಾದರಸದ ಸಹವಾಸ ಬೇಡ.

ವಿಸ್ತೀರ್ಣ ಮತ್ತು ಗುಣಕ

ಪೀಕಿನ ಕೆಳಗಿನ ವಿಸ್ತೀರ್ಣವೇ ಶಾಖ. ಆದರೆ ಒಂದು ಷರತ್ತಿದೆ, ಅಡ್ಡಗೆರೆಯಲ್ಲಿ ಸಮಯ ಇರಬೇಕು. ಮಿಲಿವ್ಯಾಟನ್ನು ಸೆಕೆಂಡಿನಿಂದ ಗುಣಿಸಿದರೆ ಮಿಲಿಜೂಲ್. ಗ್ರಾಫ್ ತಾಪಮಾನದ ಮೇಲೆ ಇದ್ದು, ಡೇಟಾವನ್ನು ಎಕ್ಸೆಲ್‌ಗೆ ತಂದು ನೀವೇ ವಿಸ್ತೀರ್ಣ ತೆಗೆದರೆ ಸಿಗುವುದು ಮಿಲಿವ್ಯಾಟ್-ಡಿಗ್ರಿ. ಅದನ್ನು ವೇಗದಿಂದ ಭಾಗಿಸಬೇಕು, ಅದೂ ಸೆಕೆಂಡಿನ ಲೆಕ್ಕದಲ್ಲಿ. ನಿಮಿಷಕ್ಕೆ 10 ಡಿಗ್ರಿ ಅಂದರೆ ಸೆಕೆಂಡಿಗೆ 0.1667. ಉದಾಹರಣೆಗೆ 29.82 ಮಿಲಿವ್ಯಾಟ್-ಡಿಗ್ರಿ ಬಂತು ಎನ್ನಿ. 0.1667ರಿಂದ ಭಾಗಿಸಿದರೆ 178.9 ಮಿಲಿಜೂಲ್. 60ರಿಂದ ಭಾಗಿಸುವುದನ್ನು ಮರೆತು ಬೇಸರಪಟ್ಟ ವಿದ್ಯಾರ್ಥಿಗಳನ್ನು ನಾನು ಬಹಳ ನೋಡಿದ್ದೇನೆ.

ಬೇಸ್‌ಲೈನ್ ಎಳೆಯುವಾಗ ಇಂಡಿಯಮ್ಮಿಗೆ ನೇರ ಗೆರೆ ಸಾಕು. ಪೀಕ್ ಶುರುವಾಗುವ ಎರಡು ಮೂರು ಡಿಗ್ರಿ ಮುಂಚಿನಿಂದ, ಸಿಗ್ನಲ್ ಪೂರ್ತಿ ವಾಪಸ್ ಬಂದ ಮೇಲಿನವರೆಗೆ. ಪೀಕಿನ ಬಾಲ ನಿಧಾನವಾಗಿ ಇಳಿಯುತ್ತದೆ, ಅದನ್ನು ಕತ್ತರಿಸಬೇಡಿ. ಆಮೇಲೆ ಎರಡೂ ತುದಿಯನ್ನು ಒಂದೊಂದು ಡಿಗ್ರಿ ಆಚೀಚೆ ಸರಿಸಿ ನೋಡಿ. ವಿಸ್ತೀರ್ಣ ಶೇ. 0.3ಕ್ಕಿಂತ ಜಾಸ್ತಿ ಬದಲಾದರೆ ಬೇಸ್‌ಲೈನ್ ನೆಟ್ಟಗಿಲ್ಲ. ಗುಣಕ ಲೆಕ್ಕ ಹಾಕುವ ಮೊದಲು ಅದನ್ನು ಸರಿಮಾಡಿ.

ಈಗ ಲೆಕ್ಕ:

ಗುಣಕ = (ತೂಕ × ಸರ್ಟಿಫಿಕೇಟಿನ ಶಾಖ) ÷ ಅಳೆದ ವಿಸ್ತೀರ್ಣ

6.42 ಮಿಲಿಗ್ರಾಂ ಚೂರಿಗೆ ಬೇಕಾದ ಶಾಖ 6.42 × 28.6 = 183.6 ಮಿಲಿಜೂಲ್. ಯಂತ್ರ ತೋರಿಸಿದ್ದು 178.9. ಗುಣಕ 1.026. ಅಂದರೆ ಯಂತ್ರ ತೋರಿಸುವ ಪ್ರತಿ ಶಾಖವನ್ನೂ 1.026ರಿಂದ ಗುಣಿಸಬೇಕು. ಕೆಲವು ಸಾಫ್ಟ್‌ವೇರ್‌ಗಳು ಇದನ್ನೇ ತಿರುಗಿಸಿ 0.974 ಎಂದು ಇಟ್ಟುಕೊಳ್ಳುತ್ತವೆ. ಇನ್ನೂ ಒಂದು, ಸಾಫ್ಟ್‌ವೇರಿನಲ್ಲಿ ಹಳೇ ಗುಣಕ ಆಗಲೇ ಕೂತಿರಬಹುದು. ಆಗ ನೀವು ಕಂಡುಹಿಡಿದದ್ದು ಹಳೆಯದರ ಮೇಲಿನ ತಿದ್ದುಪಡಿ, ಎರಡನ್ನೂ ಗುಣಿಸಬೇಕಾಗುತ್ತದೆ. ಕೈಪಿಡಿ ತೆಗೆದು ನಿಮ್ಮದು ಯಾವ ರೀತಿ ಎಂದು ನೋಡಿಕೊಳ್ಳಿ. ಕೈಲೆಕ್ಕ ಮಾಡಿ ಸಾಫ್ಟ್‌ವೇರಿನ ಉತ್ತರದ ಜೊತೆ ಹೋಲಿಸದೆ ಸೇವ್ ಒತ್ತಬೇಡಿ.

ಮೂರು ಓಟದ ವಿಸ್ತೀರ್ಣ 178.9, 178.6, 179.1 ಹೀಗೆ ಬಂದರೆ ಸರಾಸರಿ ತೆಗೆದುಕೊಳ್ಳಿ. 178.9, 174.2, 179.0 ಬಂದರೆ ಸರಾಸರಿ ತೆಗೆಯಬೇಡಿ. ನಡುವಿನ ಓಟದಲ್ಲಿ ಏನಾಯಿತು ಎಂದು ಹುಡುಕಿ. ಕೊನೆಗೆ ಪ್ಯಾನನ್ನು ಮತ್ತೆ ತೂಗಿ, ತೂಕ ಕಡಿಮೆಯಾಗಿದ್ದರೆ ಆ ಪ್ಯಾನ್ ಬಿಟ್ಟು ಹೊಸದಾಗಿ ಶುರುಮಾಡಿ.

ಗುಣಕ ಸರಿಯಿದೆ ಎಂದು ತಿಳಿಯುವುದು ಹೇಗೆ

ಕ್ಯಾಲಿಬ್ರೇಷನ್ ಮಾಡಿದ ಅದೇ ಚೂರನ್ನು ಓಡಿಸಿ 28.6 ಬಂತು ಎಂದರೆ ಏನೂ ಸಾಬೀತಾಗುವುದಿಲ್ಲ. ಬರಲೇಬೇಕು, ಅದನ್ನೇ ಅಲ್ವಾ ನಾವು ಒಳಗೆ ಹಾಕಿದ್ದು? ಬೇರೆ ತೂಕದ ಹೊಸ ಇಂಡಿಯಂ ಚೂರನ್ನು, ಅದು ಏನೆಂದು ಗೊತ್ತಿಲ್ಲದ ಸ್ಯಾಂಪಲ್ ಎಂಬಂತೆ ಓಡಿಸಿ. ಆಮೇಲೆ ತವರ. ಎರಡೂ ಸರ್ಟಿಫಿಕೇಟಿನ ಸಂಖ್ಯೆಯಿಂದ ಶೇ. 1ರೊಳಗೆ ಬಂದರೆ ನನಗೆ ಸಮಾಧಾನ. ಇಂಡಿಯಂ ಸರಿ ಬಂದು ತವರ ಶೇ. 2 ತಪ್ಪಿದರೆ ಗುಣಕ ತಾಪಮಾನದ ಜೊತೆ ಬದಲಾಗುತ್ತಿದೆ ಎಂದರ್ಥ. ಒಂದೇ ಬಿಂದುವಿನ ಕ್ಯಾಲಿಬ್ರೇಷನ್ ಅಲ್ಲಿಗೆ ಸಾಲದು.

ಸಮಯ ಇದ್ದರೆ ಅದೇ ಚೂರನ್ನು 5, 10, 20 ಡಿಗ್ರಿ ವೇಗದಲ್ಲಿ ಓಡಿಸಿ. ಪೀಕಿನ ಎತ್ತರ ಬದಲಾಗುತ್ತದೆ, ಅಗಲ ಬದಲಾಗುತ್ತದೆ, ಆನ್‌ಸೆಟ್ ಕೂಡ ಚೂರು ಸರಿಯುತ್ತದೆ. ಮಿಲಿಜೂಲ್ ಮಾತ್ರ ಬದಲಾಗಬಾರದು. ಒಂದು ಗ್ರಾಂ ಇಂಡಿಯಂ ಕರಗಲು ಬೇಕಾದ ಶಾಖ ನಾವು ಅವಸರ ಮಾಡಿದ್ದಕ್ಕೆ ಹೆಚ್ಚಾಗುವುದಿಲ್ಲವಲ್ಲ.

ಸಫೈರ್: ಉದ್ದಕ್ಕೂ ನೋಡುವ ದಾರಿ

ಲೋಹದ ಪೀಕ್ ಒಂದು ತಾಪಮಾನದ ಬಗ್ಗೆ ಮಾತ್ರ ಹೇಳುತ್ತದೆ. ನಿಮಗೆ ವಿಶಿಷ್ಟ ಶಾಖ (ಒಂದು ಗ್ರಾಂ ವಸ್ತುವನ್ನು ಒಂದು ಡಿಗ್ರಿ ಕಾಯಿಸಲು ಬೇಕಾದ ಶಾಖ) ಬೇಕಾದರೆ, ಅಥವಾ ಗುಣಕ 50 ಡಿಗ್ರಿಯಲ್ಲಿ ಎಷ್ಟು, 300ರಲ್ಲಿ ಎಷ್ಟು ಎಂದು ತಿಳಿಯಬೇಕಾದರೆ ಸಫೈರ್ ಬಿಲ್ಲೆ ಬಳಸಬೇಕು. ಹೆಸರು ಸಫೈರ್ ಆದರೂ ಇದು ನೀಲಿ ಇರುವುದಿಲ್ಲ, ಗಾಜಿನ ಹಾಗೆ ಕಾಣುವ ಶುದ್ಧ ಅಲ್ಯೂಮಿನಾ ಹರಳು. ಅದು ಕರಗುವುದಿಲ್ಲ, ಬದಲಾಗುವುದಿಲ್ಲ, ಅದರ ವಿಶಿಷ್ಟ ಶಾಖದ ಪಟ್ಟಿ ಬಹಳ ನಿಖರವಾಗಿ ಸಿಗುತ್ತದೆ. 25 ಡಿಗ್ರಿಯಲ್ಲಿ ಗ್ರಾಂಗೆ, ಡಿಗ್ರಿಗೆ ಸುಮಾರು 0.775 ಜೂಲ್, 127 ಡಿಗ್ರಿಯಲ್ಲಿ ಸುಮಾರು 0.94.

ಎರಡು ಓಟ ಸಾಕು. ಮೊದಲು ಖಾಲಿ ಪ್ಯಾನ್. ಆಮೇಲೆ ಅದೇ ಪ್ಯಾನಿನಲ್ಲಿ ಬಿಲ್ಲೆ ಇಟ್ಟು, ಅದೇ ಪ್ರೋಗ್ರಾಂ. ಶುರುವಿಗೂ ಕೊನೆಗೂ ಐದೈದು ನಿಮಿಷ ಒಂದೇ ತಾಪಮಾನದಲ್ಲಿ ನಿಲ್ಲಿಸಿ, ಆ ಜಾಗಗಳಲ್ಲಿ ಎರಡೂ ಗೆರೆ ಒಂದರ ಮೇಲೊಂದು ಕೂರಬೇಕು. ಕೂರದಿದ್ದರೆ ಮತ್ತೆ ಓಡಿಸಿ. ಕೂತರೆ ಎರಡರ ನಡುವಿನ ಅಂತರವನ್ನು ನಿಮಗೆ ಬೇಕಾದ ತಾಪಮಾನದಲ್ಲಿ ಅಳೆಯಿರಿ. 25 ಮಿಲಿಗ್ರಾಂ ಬಿಲ್ಲೆ, ನಿಮಿಷಕ್ಕೆ 10 ಡಿಗ್ರಿ ವೇಗ, 127 ಡಿಗ್ರಿ ಎಂದರೆ ಬರಬೇಕಾದ ಅಂತರ 25 × 0.942 × 0.1667 = 3.93 ಮಿಲಿವ್ಯಾಟ್. ತಿದ್ದುಪಡಿ ಇಲ್ಲದ ಯಂತ್ರ 3.84 ತೋರಿಸಿದರೆ ಗುಣಕ 1.023. ಇಂಡಿಯಂ 1.026 ಕೊಟ್ಟಿತ್ತು. ಎರಡು ಬೇರೆ ದಾರಿಯಿಂದ ಬಂದ ಸಂಖ್ಯೆಗಳು ಶೇ. 0.3ರೊಳಗೆ ಸಿಕ್ಕವು. ಇಂಥ ದಿನ ನಿಜವಾಗಲೂ ನೆಮ್ಮದಿಯಾಗುತ್ತದೆ.

ಮೂರನೇ ಓಟದಲ್ಲಿ ನಿಮ್ಮ ಸ್ಯಾಂಪಲ್ ಇಟ್ಟರೆ ಅದರ ವಿಶಿಷ್ಟ ಶಾಖವೂ ಸಿಗುತ್ತದೆ. ಸ್ಯಾಂಪಲ್ಲಿನ ಅಂತರವನ್ನು ಸಫೈರಿನ ಅಂತರದಿಂದ ಭಾಗಿಸಿ, ಸಫೈರಿನ ತೂಕದಿಂದ ಗುಣಿಸಿ, ಸ್ಯಾಂಪಲ್ಲಿನ ತೂಕದಿಂದ ಭಾಗಿಸಿ, ಸಫೈರಿನ ವಿಶಿಷ್ಟ ಶಾಖದಿಂದ ಗುಣಿಸಿ. ಬೇರೆ ಪ್ಯಾನ್ ಬಳಸಲೇಬೇಕಾದರೆ ತೂಕದ ವ್ಯತ್ಯಾಸ 0.05 ಮಿಲಿಗ್ರಾಂ ಮೀರದಿರಲಿ.

ಮತ್ತೆ ಯಾವಾಗ ಮಾಡಬೇಕು

ಪ್ಯಾನಿನ ಬಗೆ, ಗ್ಯಾಸ್, ಹರಿವು, ವೇಗ, ಕೂಲರ್ ಇವುಗಳಲ್ಲಿ ಯಾವುದು ಬದಲಾದರೂ ಮತ್ತೆ. ಸೆಲ್ ಶುಚಿ ಮಾಡಿದ ಮೇಲೆ ಮತ್ತೆ. ಏನೂ ಬದಲಾಗದಿದ್ದರೆ ವಾರಕ್ಕೊಮ್ಮೆ ಒಂದು ಇಂಡಿಯಂ ಓಟ ಮಾಡಿ ನೋಡಿ. ನೋಡಿ ಅಂದೆ, ಗುಣಕ ಬದಲಿಸಿ ಅನ್ನಲಿಲ್ಲ. 28.6ರ ಬದಲು 28.5 ಬಂತೆಂದು ಪ್ರತಿ ಸೋಮವಾರ ಗುಣಕ ತಿದ್ದುತ್ತಾ ಕೂತರೆ ತೂಕದ ಸಣ್ಣ ಏರುಪೇರನ್ನೆಲ್ಲ ಯಂತ್ರದೊಳಗೆ ತುಂಬಿಸಿದ ಹಾಗಾಗುತ್ತದೆ. ಶೇ. 1 ದಾಟಿದರೆ ಮೊದಲು ಇನ್ನೊಂದು ಚೂರು ತೂಗಿ ಓಡಿಸಿ. ಅದೂ ದಾಟಿದರೆ ಆಗ ಕ್ಯಾಲಿಬ್ರೇಷನ್.

ಯಂತ್ರದ ಪಕ್ಕ ಒಂದು ನೋಟ್‌ಬುಕ್ ಇಡಿ. ದಿನಾಂಕ, ಇಂಡಿಯಂ ಡಬ್ಬಿಯ ಲಾಟ್ ನಂಬರ್, ಮೂರು ತೂಕ, ಗ್ಯಾಸ್, ವೇಗ, ಆನ್‌ಸೆಟ್, ವಿಸ್ತೀರ್ಣ, ಗುಣಕ, ಮಾಡಿದವರ ಸಹಿ. ಆಡಿಟ್‌ಗೆ ಬಂದವರು ಮೊದಲು ಕೇಳುವುದು ಇದನ್ನೇ. ವಾರವಾರದ ಸಂಖ್ಯೆಗಳನ್ನು ಒಂದು ಗ್ರಾಫ್ ಹಾಳೆಯಲ್ಲಿ ಚುಕ್ಕಿ ಇಡುತ್ತಾ ಬನ್ನಿ. ಚುಕ್ಕಿಗಳು ನಿಧಾನವಾಗಿ ಒಂದೇ ಕಡೆ ಇಳಿಯುತ್ತಿದ್ದರೆ, ಶೇ. 1 ದಾಟುವ ಮುಂಚೆಯೇ ಸೆಲ್ಲಿನ ಮುಚ್ಚಳ ತೆಗೆದು ಸೆನ್ಸರ್ ಮೇಲೆ ಟಾರ್ಚ್ ಬಿಟ್ಟು ನೋಡಿ.